ಕಪಾಟಿನ ಬಾಗಿಲು ಜೋತುಬಿದ್ದರೆ ಹಿಂಜ್ ಕೆಟ್ಟಿದೆ ಎಂದೇ ಅರ್ಥವೇ? ನಾವೇ ಜೋಡಿಸುವ ಪೀಠೋಪಕರಣದ ನಿಜ, ಸುಳ್ಳು ಮತ್ತು ಅರ್ಧಸತ್ಯ

‘ಆನ್‌ಲೈನ್‌ನಲ್ಲಿ ತರಿಸಿದ ವಾರ್ಡ್‌ರೋಬ್ ಒಂದು ಮಳೆಗಾಲವೂ ಬಾಳುವುದಿಲ್ಲ.’ ‘ಬಾಗಿಲು ಜೋತುಬಿದ್ದರೆ ಹಿಂಜ್ ಬದಲಿಸಲೇಬೇಕು.’ ‘ಹಿಂಜ್‌ಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಡಿ, ಮತ್ತೆ ಸದ್ದೇ ಬರುವುದಿಲ್ಲ.’ ಮನೆಗೆ ಉಪಯುಕ್ತ ಸಲಹೆ ಎಂಬ ಹೆಸರಿನಲ್ಲಿ ಇಂಥ ಮಾತುಗಳು ಒಂದು ಗ್ರೂಪಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತವೆ. ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸರಿ. ನಿಜಕ್ಕೂ ಹೇಳಬೇಕಾದ ಒಂದು ಎಚ್ಚರಿಕೆ ಮಾತ್ರ ಇವುಗಳಲ್ಲಿ ಕಾಣುವುದು ಅಪರೂಪ.

ಚಿಕ್ಕದಾಗಿ ಹೇಳುವುದಾದರೆ:

• ಬಾಗಿಲು ಜೋತುಬೀಳುವುದು ಹೆಚ್ಚಿನ ಸಲ ಹಿಂಜ್‌ನ ದೋಷವಲ್ಲ. ಸ್ಕ್ರೂಡ್ರೈವರ್ ಇದ್ದರೆ ಕೆಲವೇ ನಿಮಿಷದಲ್ಲಿ ಸರಿಪಡಿಸಬಹುದು.
• ಸ್ಕ್ರೂ ಎಷ್ಟು ಬಿಗಿಯೋ ಅಷ್ಟು ಗಟ್ಟಿ ಎಂಬುದು ತಪ್ಪು. ಅತಿಯಾದ ಬಿಗಿಯೇ ಹಲಗೆಯನ್ನು ಹಾಳುಮಾಡುತ್ತದೆ.
• ಅಡುಗೆ ಎಣ್ಣೆ ಹಿಂಜ್‌ಗೆ ಔಷಧಿಯಲ್ಲ.
• ಜೋಡಣೆ ಎಷ್ಟೇ ಸುಲಭವಾದರೂ ಎತ್ತರದ ಕಪಾಟನ್ನು ಗೋಡೆಗೆ ಬಿಗಿಯುವ ಕೆಲಸವನ್ನು ಬಿಡುವಂತಿಲ್ಲ. ಇದು ಮಕ್ಕಳ ಜೀವದ ಪ್ರಶ್ನೆ.

ಇದೆಲ್ಲ ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ಬಾಗಿಲ ಹಿಂದೆ ಅಡಗಿ ಕೂತಿರುವ ಹಿಂಜ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ನೋಡಬೇಕು.

ಹಳೆಯ ಹಿಂಜ್, ಹೊಸ ಹಿಂಜ್

ತಿರುಗಣಿ, ಕೀಲು, ಬಿಜಾಗರಿ ಎಂದು ಬೇರೆ ಬೇರೆ ಕಡೆ ಕರೆಯುವ ಹಳೆಯ ಹಿಂಜ್ ಎಲ್ಲರಿಗೂ ಗೊತ್ತು. ಚಿಟ್ಟೆಯ ರೆಕ್ಕೆಯಂತೆ ಎರಡು ಲೋಹದ ಎಲೆಗಳು, ನಡುವೆ ಒಂದು ಕಡ್ಡಿ. ಇದನ್ನು ಕೂರಿಸಲು ಬಡಗಿ ಬಾಗಿಲಿನ ಅಂಚಿನಲ್ಲೂ ಚೌಕಟ್ಟಿನಲ್ಲೂ ಉಳಿಯಿಂದ ಎಲೆಯ ದಪ್ಪದಷ್ಟೇ ಕೆತ್ತಬೇಕು. ಒಂದೆರಡು ಮಿಲಿಮೀಟರ್ ಆಚೀಚೆಯಾದರೆ ಬಾಗಿಲು ಉಜ್ಜುತ್ತದೆ, ಇಲ್ಲವೇ ಸಂದು ಬಿಡುತ್ತದೆ. ಒಮ್ಮೆ ಸ್ಕ್ರೂ ಹೊಡೆದ ಮೇಲೆ ತಿದ್ದುವುದು ಕಷ್ಟ. ಆದ್ದರಿಂದಲೇ ಬಾಗಿಲು ಕೂರಿಸುವುದು ಪಳಗಿದ ಕೈಯ ಕೆಲಸವಾಗಿತ್ತು.

ಇಂದಿನ ಮಾಡ್ಯುಲರ್ ಅಡುಗೆಮನೆ ಮತ್ತು ವಾರ್ಡ್‌ರೋಬ್‌ಗಳಲ್ಲಿ ಇರುವುದು ಬೇರೆ ಜಾತಿಯದು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಇದನ್ನು ‘ಆಟೋ ಹಿಂಜ್’ ಎನ್ನುತ್ತಾರೆ. ಬಾಗಿಲು ಮುಚ್ಚಿದಾಗ ಹೊರಗೆ ಕಾಣುವುದೇ ಇಲ್ಲ. ಇದರಲ್ಲಿ ಎರಡು ಭಾಗ. ಮೊದಲನೆಯದು ಬಾಗಿಲ ಹಿಂಬದಿಯ ದುಂಡು ತೂತಿನಲ್ಲಿ ಕೂರುವ ಬಟ್ಟಲು ಮತ್ತು ಅದಕ್ಕೆ ಸೇರಿದ ತೋಳು. ಎರಡನೆಯದು ಕಪಾಟಿನ ಪಕ್ಕದ ಹಲಗೆಗೆ ಬಿಗಿಯುವ ಪ್ಲೇಟ್. ತೋಳನ್ನು ಪ್ಲೇಟ್‌ನ ಮೇಲಿಟ್ಟು ಒತ್ತಿದರೆ ಕ್ಲಿಕ್ ಎಂದು ಕಚ್ಚಿಕೊಳ್ಳುತ್ತದೆ. ಹಿಂದಿನ ಚಿಕ್ಕ ಲಿವರ್ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ಬಟ್ಟಲಿಗೂ ತೋಳಿಗೂ ನಡುವೆ ಇರುವುದು ಒಂದೇ ಕಡ್ಡಿಯಲ್ಲ, ಹಲವು ಕೊಂಡಿಗಳು. ಹಾಗಾಗಿ ಬಾಗಿಲು ಒಂದೇ ಬಿಂದುವಿನ ಸುತ್ತ ತಿರುಗುವುದಿಲ್ಲ. ಮೊದಲು ಸ್ವಲ್ಪ ಹೊರಕ್ಕೆ ಸರಿದು ಆಮೇಲೆ ತಿರುಗುತ್ತದೆ. ಅಕ್ಕಪಕ್ಕ ಅಂಟಿಕೊಂಡಂತೆ ಇರುವ ಎರಡು ಬಾಗಿಲುಗಳು ಒಂದಕ್ಕೊಂದು ತಾಗದೆ ತೆರೆಯುವುದು ಇದರಿಂದಲೇ. ಒಳಗಿನ ಸ್ಪ್ರಿಂಗ್ ಕೊನೆಯ ಹಂತದಲ್ಲಿ ಬಾಗಿಲನ್ನು ತಾನಾಗಿ ಎಳೆದು ಮುಚ್ಚುತ್ತದೆ.

ಬಡಗಿಯ ಕೌಶಲ ಹೋದದ್ದೆಲ್ಲಿಗೆ?

ನಾವೇ ಜೋಡಿಸುವ ಪೀಠೋಪಕರಣ ಐಕಿಯಾದ ಆವಿಷ್ಕಾರ ಎಂಬ ಮಾತು ಸಾಮಾನ್ಯ. ಅದು ಪೂರ್ತಿ ನಿಜವಲ್ಲ. 1859ರಲ್ಲೇ ಮೈಕೆಲ್ ಥೋನೆಟ್ ಅವರ ಕಂಪನಿ ವಿಯೆನ್ನಾದಲ್ಲಿ ‘14ನೇ ನಂಬರ್’ ಎಂಬ ಕುರ್ಚಿಯನ್ನು ಹೊರತಂದಿತು. ಆರು ತುಂಡು ಬಾಗಿಸಿದ ಮರ, ಹತ್ತು ಸ್ಕ್ರೂ, ಎರಡು ನಟ್ಟು, ಇಷ್ಟರಲ್ಲೇ ಕುರ್ಚಿ ಮುಗಿಯುತ್ತಿತ್ತು. ಬಿಡಿಭಾಗಗಳಾಗಿ ಕಟ್ಟಿದರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿಗಳು ಹಿಡಿಯುತ್ತಿದ್ದವು. ಸಾಗಣೆಯ ಖರ್ಚು ಉಳಿಸುವ ಈ ಲೆಕ್ಕವನ್ನು ಮನೆಮನೆಗೆ ತಲುಪಿಸಿದ್ದು 1943ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಐಕಿಯಾ. ಅಲ್ಲಿನ ವಿನ್ಯಾಸಕಾರ ಗಿಲ್ಲಿಸ್ ಲುಂಡ್‌ಗ್ರೆನ್ ಕಾರಿನಲ್ಲಿ ಹಿಡಿಯದ ಮೇಜಿನ ಕಾಲು ಬಿಚ್ಚಿ ಸಾಗಿಸಿದ್ದೇ ಇದಕ್ಕೆ ಪ್ರೇರಣೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅದರ ಮೊದಲ ಭಾರತೀಯ ಮಳಿಗೆ 2018ರಲ್ಲಿ ಹೈದರಾಬಾದಿನಲ್ಲಿ ತೆರೆಯಿತು. ಬೆಂಗಳೂರಿನ ನಾಗಸಂದ್ರದ ಮಳಿಗೆ ಬಂದದ್ದು 2022ರಲ್ಲಿ.

ಆದರೆ ಕುರ್ಚಿ, ಮೇಜಿಗಿಂತ ಬಾಗಿಲಿರುವ ಕಪಾಟು ಕಷ್ಟದ್ದು. ಅದಕ್ಕೆ ದಾರಿ ಮಾಡಿದ್ದು ಯುರೋಪಿನಲ್ಲಿ ಎರಡನೇ ಮಹಾಯುದ್ಧದ ನಂತರ ಬಂದ ಎರಡು ಬದಲಾವಣೆಗಳು.

ಒಂದು, ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿ ಮಾಡುವ ಪಾರ್ಟಿಕಲ್ ಬೋರ್ಡ್. ಇದು ಅಗ್ಗ, ಸಮತಟ್ಟು, ಗಟ್ಟಿ ಮರದಂತೆ ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುವುದಿಲ್ಲ. ಆದರೆ ಇದರ ಅಂಚು ದುರ್ಬಲ. ಅಂಚಿಗೆ ಸ್ಕ್ರೂ ಹೊಡೆದರೆ ಹಿಡಿತ ಕಡಿಮೆ, ಉಳಿಯಿಂದ ಕೆತ್ತಿದರೆ ಉದುರುತ್ತದೆ. ಹಳೆಯ ಎಲೆ ಹಿಂಜ್‌ಗೆ ಬೇಕಾದದ್ದು ಅದೇ ಅಂಚು! ಬಟ್ಟಲಿನ ಹಿಂಜ್ ಅಂಚನ್ನು ಬಿಟ್ಟು ಹಲಗೆಯ ಅಗಲವಾದ ಮುಖದಲ್ಲಿ ಕೂರುತ್ತದೆ. ಬಟ್ಟಲಿನ ವ್ಯಾಸ ಸಾಮಾನ್ಯವಾಗಿ 35 ಮಿ.ಮೀ. ಬಾಗಿಲಿನ ಭಾರ ಬರೀ ಎರಡು ಸ್ಕ್ರೂಗಳ ಮೇಲೆ ಬೀಳದೆ ತೂತಿನ ಇಡೀ ಗೋಡೆಗೆ ಹಂಚಿಹೋಗುತ್ತದೆ.

ಎರಡು, ‘32 ಮಿ.ಮೀ. ಪದ್ಧತಿ’. ನಿಮ್ಮ ವಾರ್ಡ್‌ರೋಬ್‌ನ ಒಳಬದಿ ನೋಡಿ, ಮೇಲಿನಿಂದ ಕೆಳಗೆ ಸಾಲಾಗಿ ಚಿಕ್ಕ ತೂತುಗಳಿರಬಹುದು. ಪದ್ಧತಿಯ ಪ್ರಕಾರ ತೂತಿನ ವ್ಯಾಸ 5 ಮಿ.ಮೀ., ಒಂದರಿಂದ ಇನ್ನೊಂದರ ನಡುವಿನ ದೂರ 32 ಮಿ.ಮೀ., ಮುಂದಿನ ಅಂಚಿನಿಂದ ಮೊದಲ ಸಾಲಿಗೆ 37 ಮಿ.ಮೀ. ಒಟ್ಟಿಗೆ ಹಲವು ತೂತು ಕೊರೆಯುವ ಆಗಿನ ಯಂತ್ರಗಳಲ್ಲಿ ಡ್ರಿಲ್‌ಗಳನ್ನು ಇದಕ್ಕಿಂತ ಹತ್ತಿರ ಕೂರಿಸಲು ಆಗುತ್ತಿರಲಿಲ್ಲ, ಅದಕ್ಕೇ 32 ಎಂಬುದು ಉದ್ಯಮದಲ್ಲಿ ಹೇಳುವ ಕಾರಣ. ಈ ಅಳತೆಗೆ ಹಿಂಜ್, ಶೆಲ್ಫ್‌ನ ಗೂಟ, ಡ್ರಾಯರ್‌ನ ಚಾನೆಲ್ ಎಲ್ಲವೂ ಹೊಂದಿಕೊಂಡವು.

ಈ ಬದಲಾವಣೆಯ ಬೆನ್ನಲ್ಲಿ ಬೆಳೆದ ಕಂಪನಿಗಳ ಮೂಲ ಕುತೂಹಲಕರ. ಜರ್ಮನಿಯ ಹೆಟ್ಟಿಶ್‌ನ ಬೇರು 1888ರಲ್ಲಿ ಗಡಿಯಾರದ ಬಿಡಿಭಾಗ ಮಾಡುವ ಯಂತ್ರದಲ್ಲಿದೆ. ಆಸ್ಟ್ರಿಯಾದ ಬ್ಲೂಮ್ 1952ರಲ್ಲಿ ಕುದುರೆ ಲಾಳದ ಮೊಳೆ ಮಾಡುತ್ತ ಶುರುವಾಯಿತು.

ಅಂದರೆ ಬಡಗಿಯ ಕೌಶಲ ಮಾಯವಾಗಲಿಲ್ಲ. ಅದರ ಒಂದು ಪಾಲು ಕಾರ್ಖಾನೆಯ ತೂತಿಗೆ ಹೋಯಿತು, ಇನ್ನೊಂದು ಪಾಲು ಹಿಂಜ್‌ನ ಮೇಲಿರುವ ಚಿಕ್ಕ ಸ್ಕ್ರೂಗಳಿಗೆ ಹೋಯಿತು. ಮನೆಯಲ್ಲಿ ಜೋಡಿಸುವವರ ಕೈಯಲ್ಲಿ ಒಂದೆರಡು ಮಿಲಿಮೀಟರ್ ತಪ್ಪಾದರೆ ಆ ಸ್ಕ್ರೂಗಳು ತಿದ್ದುತ್ತವೆ. ಇದನ್ನು ನೆನಪಿಟ್ಟರೆ ಮುಂದಿನ ಮಾತುಗಳೆಲ್ಲ ಸುಲಭವಾಗಿ ಅರ್ಥವಾಗುತ್ತವೆ.

ಮಾತು 1: ‘ಬಾಗಿಲು ಜೋತುಬಿದ್ದರೆ ಹಿಂಜ್ ಬದಲಿಸಬೇಕು’

ಹೆಚ್ಚಿನ ಸಲ ಬೇಕಿಲ್ಲ. ಈ ಹಿಂಜ್‌ಗಳಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿನ ಹೊಂದಾಣಿಕೆ ಇರುತ್ತದೆ. ತೋಳಿನ ಮೇಲೆ ಬಾಗಿಲಿಗೆ ಹತ್ತಿರ ಇರುವ ಸ್ಕ್ರೂ ಬಾಗಿಲನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ಹಿಂದಿನ ಸ್ಕ್ರೂ ಕಪಾಟಿನ ಕಡೆಗೆ ಅಥವಾ ಕಪಾಟಿನಿಂದ ಆಚೆಗೆ ಸರಿಸುತ್ತದೆ. ಪ್ಲೇಟ್‌ನ ಮೇಲಿರುವುದು ಎತ್ತರಕ್ಕೆ. ಕಂಪನಿಗೆ ತಕ್ಕಂತೆ ಜಾಗ ಸ್ವಲ್ಪ ಬದಲಾಗಬಹುದು, ತತ್ವ ಒಂದೇ.

ಜೋತುಬಿದ್ದ ಬಾಗಿಲು ಎಂದರೆ ಹಿಂಜ್ ಇಲ್ಲದ ಕಡೆಯ ತುದಿ ಕೆಳಗಿಳಿದಿದೆ ಎಂದರ್ಥ. ಇದಕ್ಕೆ ಎತ್ತರದ ಸ್ಕ್ರೂ ತಿರುಗಿಸುತ್ತ ಕೂತರೆ ಇಡೀ ಬಾಗಿಲು ಮೇಲೇರುತ್ತದೆ, ಓರೆ ಹಾಗೇ ಉಳಿಯುತ್ತದೆ. ಮಾಡಬೇಕಾದ್ದು ಇಷ್ಟು: ಪಕ್ಕಕ್ಕೆ ಸರಿಸುವ ಸ್ಕ್ರೂ ಬಳಸಿ ಮೇಲಿನ ಹಿಂಜ್‌ನಲ್ಲಿ ಬಾಗಿಲನ್ನು ಹಿಂಜ್ ಇರುವ ಕಡೆಗೆ ಎಳೆಯಿರಿ, ಕೆಳಗಿನದರಲ್ಲಿ ಅದರಿಂದ ಆಚೆಗೆ ತಳ್ಳಿ.

ಒಂದು ಲೆಕ್ಕ ನೋಡೋಣ. ಬಾಗಿಲಿನ ಅಗಲ 60 ಸೆಂ.ಮೀ., ಎರಡು ಹಿಂಜ್‌ಗಳ ನಡುವಿನ ದೂರ 40 ಸೆಂ.ಮೀ., ತುದಿ 3 ಮಿ.ಮೀ. ಇಳಿದಿದೆ ಎಂದುಕೊಳ್ಳಿ. ಮೇಲೆ 1 ಮಿ.ಮೀ. ಒಂದು ಕಡೆಗೆ, ಕೆಳಗೆ 1 ಮಿ.ಮೀ. ಇನ್ನೊಂದು ಕಡೆಗೆ ಸರಿಸಿದರೆ ಬಾಗಿಲು ನೆಟ್ಟಗಾಗುತ್ತದೆ. ಸ್ಕ್ರೂವನ್ನು ಒಮ್ಮೆಗೆ ಅರ್ಧ ಸುತ್ತು ಮಾತ್ರ ತಿರುಗಿಸಿ, ಬಾಗಿಲು ಮುಚ್ಚಿ ನೋಡಿ, ಮತ್ತೆ ಮುಂದುವರಿಯಿರಿ. ಅದಕ್ಕೂ ಮೊದಲು ಕಪಾಟೇ ಓರೆಯಾಗಿ ನಿಂತಿಲ್ಲವೇ ನೋಡಿಕೊಳ್ಳಿ. ನೆಲ ಸಮವಾಗಿಲ್ಲದಿದ್ದರೆ ಚೌಕಟ್ಟು ತಿರುಚಿಕೊಂಡು ಒಳ್ಳೆಯ ಹಿಂಜ್‌ನ ಬಾಗಿಲೂ ಓರೆಯಾಗಿ ಕಾಣುತ್ತದೆ. ಆಗ ಸರಿಪಡಿಸಬೇಕಾದ್ದು ಕಪಾಟಿನ ಕಾಲನ್ನು.

ಹಾಗಾದರೆ ಯಾವಾಗ ಬದಲಿಸಬೇಕು? ಕೊಂಡಿಗಳು ಅಲ್ಲಾಡುತ್ತಿದ್ದರೆ, ಸ್ಪ್ರಿಂಗ್ ಮುರಿದಿದ್ದರೆ, ತುಕ್ಕು ಹಿಡಿದು ತಿರುಗದಿದ್ದರೆ. ಅಂಗಡಿಗೆ ಹೋಗುವಾಗ ಹಳೆಯದನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಏಕೆಂದರೆ ಅಲ್ಲಿ ‘ಎಷ್ಟು ಕ್ರ್ಯಾಂಕ್?’ ಎಂದು ಕೇಳುತ್ತಾರೆ. ಬಾಗಿಲು ಪಕ್ಕದ ಹಲಗೆಯ ಅಂಚನ್ನು ಪೂರ್ತಿ ಮುಚ್ಚುವಂತಿದ್ದರೆ ಸೊನ್ನೆ ಕ್ರ್ಯಾಂಕ್. ನಡುವಿನ ಒಂದೇ ಹಲಗೆಯನ್ನು ಎರಡು ಬಾಗಿಲು ಹಂಚಿಕೊಂಡಿದ್ದರೆ 8. ಬಾಗಿಲು ಚೌಕಟ್ಟಿನ ಒಳಗೇ ಕೂರುವಂತಿದ್ದರೆ 16. ಕೆಲವು ಕಂಪನಿಗಳಲ್ಲಿ ಈ ಅಂಕಿ ಸ್ವಲ್ಪ ಬೇರೆ ಇರುತ್ತದೆ. ತಪ್ಪು ಕ್ರ್ಯಾಂಕ್ ತಂದರೆ ಎಷ್ಟು ತಿರುಗಿಸಿದರೂ ಬಾಗಿಲು ಕೂರುವುದಿಲ್ಲ.

ಮಾತು 2: ‘ಎಷ್ಟು ಬಿಗಿಯೋ ಅಷ್ಟು ಗಟ್ಟಿ’

ಕಬ್ಬಿಣಕ್ಕೆ ಸ್ವಲ್ಪ ಮಟ್ಟಿಗೆ ಹೊಂದಬಹುದಾದ ಮಾತು, ಪಾರ್ಟಿಕಲ್ ಬೋರ್ಡ್‌ಗೆ ಅಲ್ಲ. ಸ್ಕ್ರೂ ನಿಂತಿರುವುದು ಅದರ ಸುರುಳಿ ಹಲಗೆಯಲ್ಲಿ ಮಾಡಿಕೊಂಡ ಹಾದಿಯ ಹಿಡಿತದಿಂದ. ಕೂತ ಮೇಲೂ ತಿರುಗಿಸಿದರೆ ಆ ಹಾದಿ ಪುಡಿಯಾಗುತ್ತದೆ. ಆಗ ಸ್ಕ್ರೂ ಸುಮ್ಮನೆ ಸುತ್ತುತ್ತದೆ, ಹಿಡಿಯುವುದಿಲ್ಲ. ಪವರ್ ಡ್ರಿಲ್‌ನಿಂದ ಬಿಗಿದಾಗ ಇದು ಕ್ಷಣದಲ್ಲಿ ಆಗಿಬಿಡುತ್ತದೆ. ಕೊನೆಯ ಸುತ್ತುಗಳನ್ನು ಕೈಯಿಂದಲೇ ಬಿಗಿದು, ಗಟ್ಟಿಯಾದ ಕೂಡಲೇ ನಿಲ್ಲಿಸಿ.

ಸ್ಕ್ರೂಡ್ರೈವರ್‌ನಲ್ಲೂ ಒಂದು ಸೂಕ್ಷ್ಮವಿದೆ. ನಮ್ಮಲ್ಲಿ ಅಡ್ಡಗೀಟಿನ ತಲೆಯ ಎಲ್ಲ ಸ್ಕ್ರೂಗಳನ್ನೂ ‘ಸ್ಟಾರ್’ ಎನ್ನುವುದು ರೂಢಿ. ಆದರೆ ಯುರೋಪಿನ ಹಿಂಜ್‌ಗಳಲ್ಲಿ ಹೆಚ್ಚಾಗಿ ಇರುವುದು ಪೋಜಿಡ್ರೈವ್ ಎಂಬ ಬಗೆ. ದಪ್ಪ ಗೀಟುಗಳ ನಡುವೆ ನಾಲ್ಕು ತೆಳು ಗೆರೆಗಳು ಕಂಡರೆ ಅದು ಇದೇ. ಸಾಧಾರಣ ಸ್ಟಾರ್ ಹಾಕಿದರೆ ಜಾರಿ ಜಾರಿ ತಲೆ ಸವೆಯುತ್ತದೆ.

ತೂತು ಸಡಿಲವಾಗಿಬಿಟ್ಟಿದ್ದರೆ? ಬಡಗಿಗಳು ಬಹಳ ಕಾಲದಿಂದ ಮಾಡುವ ಉಪಾಯವೇ ಒಳ್ಳೆಯದು. ಬೆಂಕಿಕಡ್ಡಿಯ ಮದ್ದು ತೆಗೆದು ಮರದ ಅಂಟು ಸವರಿ ತೂತಿನಲ್ಲಿ ತುಂಬಿ, ಪೂರ್ತಿ ಒಣಗಿದ ಮೇಲೆ ಸ್ಕ್ರೂ ಹಾಕಿ. ಬಟ್ಟಲಿನ ಸುತ್ತಲ ಹಲಗೆಯೇ ಒಡೆದುಹೋಗಿದ್ದರೆ ಅದಕ್ಕೆಂದೇ ಉಕ್ಕಿನ ರಿಪೇರಿ ಪ್ಲೇಟ್ ಸಿಗುತ್ತದೆ. ಹಲಗೆ ನೀರು ಕುಡಿದು ಊದಿಕೊಂಡಿದ್ದರೆ ಮಾತ್ರ ಯಾವ ಹಿಂಜ್ ಹಾಕಿದರೂ ನಿಲ್ಲುವುದಿಲ್ಲ. ‘ಮಳೆಗಾಲ ಬಾಳುವುದಿಲ್ಲ’ ಎಂಬ ಮಾತಿನಲ್ಲಿ ನಿಜ ಇರುವುದು ಇಷ್ಟೇ: ಸೋತದ್ದು ಜೋಡಣೆಯಲ್ಲ, ತೇವಕ್ಕೆ ಸಿಕ್ಕ ಹಲಗೆ.

ಮಾತು 3: ‘ಎರಡು ಹನಿ ಕೊಬ್ಬರಿ ಎಣ್ಣೆ ಸಾಕು’

ಅಡುಗೆ ಎಣ್ಣೆ ಹಾಕಿದ ದಿನ ಸದ್ದು ನಿಲ್ಲುತ್ತದೆ, ಅದರಿಂದಲೇ ಈ ಸಲಹೆ ನಂಬಿಕೆಗೆ ಅರ್ಹ ಅನ್ನಿಸುತ್ತದೆ. ಆದರೆ ದಿನ ಕಳೆದಂತೆ ಎಣ್ಣೆಗೆ ಧೂಳು ಅಂಟಿ ಜಿಗುಟು ಕಟ್ಟುತ್ತದೆ. ಕೊಬ್ಬರಿ ಎಣ್ಣೆಯಂತೂ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗತೊಡಗುತ್ತದೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಆಗುವುದೇ ಹಿಂಜ್‌ನ ಕೊಂಡಿಯಲ್ಲೂ ಆಗುತ್ತದೆ. ಆಟೋ ಹಿಂಜ್‌ಗಳಿಗೆ ಒಣ ಮೆತ್ತನೆ ಬಟ್ಟೆಯಿಂದ ಒರೆಸುವುದೇ ಸಾಕಷ್ಟು ಆರೈಕೆ.

ಹಿಂಜ್‌ನ ನಿಜವಾದ ಶತ್ರು ಬೇರೆ ಇದೆ. ಸಿಂಕ್‌ನ ಕೆಳಗಿನ ಕಪಾಟಿನಲ್ಲಿ ನಾವು ಇಡುವ ಆಸಿಡ್ ಮತ್ತು ಬ್ಲೀಚಿಂಗ್ ಪುಡಿ. ಮುಚ್ಚಳ ಸಡಿಲವಿದ್ದರೆ ಆವಿ ಹೊರಬಂದು ಮುಚ್ಚಿದ ಕಪಾಟಿನಲ್ಲಿ ತುಂಬಿಕೊಳ್ಳುತ್ತದೆ. ಉಕ್ಕಿನ ಮೇಲಿನ ತೆಳು ಲೇಪನವನ್ನು ಅದು ತಿನ್ನುತ್ತದೆ. ಬೇರೆ ಎಲ್ಲ ಹಿಂಜ್ ಹೊಳೆಯುತ್ತಿದ್ದು ಸಿಂಕ್‌ನ ಕೆಳಗಿನದು ಮಾತ್ರ ತುಕ್ಕು ಹಿಡಿದಿದ್ದರೆ ಕಂಪನಿಯನ್ನು ಬೈಯುವ ಮೊದಲು ಬಾಟಲಿ ನೋಡಿ. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಒಟ್ಟಿಗೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ, ಹಾಗಾಗಿ ಅವೆರಡನ್ನೂ ಒಂದೇ ಕಡೆ ಇಡಲೇಬಾರದು.

ಮೆಲ್ಲಗೆ ಮುಚ್ಚುವ ‘ಸಾಫ್ಟ್ ಕ್ಲೋಸ್’ ಹಿಂಜ್‌ಗೆ ಎಣ್ಣೆ ಬಿಡುವುದರಲ್ಲಿ ಅರ್ಥವೇ ಇಲ್ಲ. ಅದರ ಡ್ಯಾಂಪರ್ ಮುಚ್ಚಿದ ಪುಟ್ಟ ಕೊಳವೆ, ದಪ್ಪ ದ್ರವದ ತಡೆಯಿಂದ ವೇಗ ಇಳಿಸುತ್ತದೆ. ಹಗುರ ಬಾಗಿಲು ಮುಚ್ಚಲು ಬಹಳ ಹೊತ್ತು ತೆಗೆದುಕೊಳ್ಳುತ್ತಿದ್ದರೆ ಒಂದು ಹಿಂಜ್‌ನ ಡ್ಯಾಂಪರನ್ನು ನಿಲ್ಲಿಸುವ ಚಿಕ್ಕ ಗುಂಡಿ ಹಲವು ಮಾದರಿಗಳಲ್ಲಿ ಇರುತ್ತದೆ.

ಮಾತು 4: ‘ದೊಡ್ಡ ಬಾಗಿಲೇ ಹಿಂಜ್‌ಗೆ ಹೊರೆ’

ಕೇಳಲು ಸರಿ ಅನ್ನಿಸುತ್ತದೆ, ಲೆಕ್ಕ ಬೇರೆ ಹೇಳುತ್ತದೆ. 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್‌ನ ಎರಡು ಬಾಗಿಲು ತೆಗೆದುಕೊಳ್ಳಿ. ಮೊದಲನೆಯದು 2 ಮೀಟರ್ ಎತ್ತರ, 45 ಸೆಂ.ಮೀ. ಅಗಲ. ತೂಕ ಸುಮಾರು 11 ಕೆ.ಜಿ. ಎರಡನೆಯದು 60 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ. ತೂಕ ಸುಮಾರು 4.4 ಕೆ.ಜಿ. ಬಾಗಿಲಿನ ತೂಕ ಮೇಲಿನ ಹಿಂಜನ್ನು ಹೊರಕ್ಕೆ ಎಳೆಯುತ್ತದೆ. ಆ ಎಳೆತ ಅಗಲ ಹೆಚ್ಚಿದಂತೆ ಹೆಚ್ಚುತ್ತದೆ, ಮೇಲಿನ ಮತ್ತು ಕೆಳಗಿನ ಹಿಂಜ್‌ಗಳ ನಡುವಿನ ದೂರ ಹೆಚ್ಚಿದಂತೆ ಕಡಿಮೆಯಾಗುತ್ತದೆ.

ಎತ್ತರದ ಬಾಗಿಲಿನಲ್ಲಿ ಆ ದೂರ 180 ಸೆಂ.ಮೀ. ಎಂದರೆ ಎಳೆತ ಸುಮಾರು 1.4 ಕೆ.ಜಿ.ಯಷ್ಟು. ಚಿಕ್ಕ ಬಾಗಿಲಿನಲ್ಲಿ ದೂರ 40 ಸೆಂ.ಮೀ. ಎಂದರೆ 3.3 ಕೆ.ಜಿ.ಯಷ್ಟು. ತೂಕ ಅರ್ಧಕ್ಕಿಂತ ಕಡಿಮೆ, ಎಳೆತ ಎರಡು ಪಟ್ಟಿಗಿಂತ ಹೆಚ್ಚು! ಅಗಲವಾದ ಗಿಡ್ಡ ಬಾಗಿಲು ಬೇಗ ಜೋತುಬೀಳುವುದು ಇದಕ್ಕೇ.

ಹಾಗೆಂದು ಎತ್ತರದ ಬಾಗಿಲಿಗೆ ಎರಡೇ ಹಿಂಜ್ ಸಾಲದು. ಇಳಿಯುವ ತೂಕವನ್ನು ಹಂಚಿಕೊಳ್ಳಲು, ಉದ್ದ ಹಲಗೆ ಬಾಗದಂತೆ ಹಿಡಿಯಲು ಹೆಚ್ಚು ಬೇಕು. ಸುಮಾರು 90 ಸೆಂ.ಮೀ. ಎತ್ತರದವರೆಗೆ ಎರಡು, 2 ಮೀಟರ್ ಬಾಗಿಲಿಗೆ ನಾಲ್ಕು ಎಂಬುದು ಸಾಮಾನ್ಯ ಲೆಕ್ಕ. ಕನ್ನಡಿ ಅಂಟಿಸಿದ್ದರೆ ಇನ್ನೂ ಹೆಚ್ಚು ಬೇಕಾಗಬಹುದು, ಕಂಪನಿಯ ಪಟ್ಟಿ ನೋಡಿ.

ಫಾರ್ವರ್ಡ್‌ಗಳು ಹೇಳದ ಮಾತು: ಗೋಡೆಯ ಸ್ಕ್ರೂ

ಬಾಗಿಲು ಕ್ಲಿಕ್ ಎಂದು ಕೂತ ಕೂಡಲೇ ಕೆಲಸ ಮುಗಿಯಿತು ಅನ್ನಿಸುತ್ತದೆ. ಪೊಟ್ಟಣದಲ್ಲಿ ಉಳಿದ L ಆಕಾರದ ಚಿಕ್ಕ ಬ್ರಾಕೆಟ್ ಅಥವಾ ಪಟ್ಟಿ ಡ್ರಾಯರ್‌ನೊಳಗೆ ಸೇರುತ್ತದೆ. ಇಡೀ ಪೊಟ್ಟಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಸ್ತು ಅದೇ.

ಒಂದು ಖಾಲಿ ವಾರ್ಡ್‌ರೋಬ್ ಎಂದುಕೊಳ್ಳಿ. ಬಾಗಿಲು ಬಿಟ್ಟು ತೂಕ 40 ಕೆ.ಜಿ., ಆಳ 56 ಸೆಂ.ಮೀ. ಹಿಂದಕ್ಕೆ ಹಿಡಿದಿಡುವ ಬಲ 40 ಗುಣಿಸು 28, ಅಂದರೆ 1,120. ಈಗ ಮೇಲೆ ಹೇಳಿದ 11 ಕೆ.ಜಿ.ಯ ಎರಡೂ ಬಾಗಿಲನ್ನು ನೇರ ಮುಂದಕ್ಕೆ ತೆರೆಯಿರಿ. ಅವು ಮುಂದಕ್ಕೆ ಎಳೆಯುವ ಲೆಕ್ಕ ಸುಮಾರು 495. ಇನ್ನೂ ಬೀಳುವುದಿಲ್ಲ. 15 ಕೆ.ಜಿ.ಯ ಮಗು ಒಂದು ಬಾಗಿಲ ತುದಿ ಹಿಡಿದು ಜೋತಾಡಿದರೆ 15 ಗುಣಿಸು 45, ಅಂದರೆ 675 ಸೇರುತ್ತದೆ. ಒಟ್ಟು 1,170. ವಾರ್ಡ್‌ರೋಬ್ ಮಗುವಿನ ಮೇಲೆ ಬೀಳಲು ಇಷ್ಟು ಸಾಕು. ಒಳಗೆ ಬಟ್ಟೆ ತುಂಬಿದ್ದರೆ ಅಪಾಯ ಸ್ವಲ್ಪ ಕಡಿಮೆ, ಆದರೆ ಭಾರದ ಡ್ರಾಯರ್‌ಗಳನ್ನು ಒಟ್ಟಿಗೆ ಹೊರಗೆಳೆದರೆ ಮತ್ತೆ ಹೆಚ್ಚು.

ಇದು ಬರೀ ಕಾಗದದ ಲೆಕ್ಕವಲ್ಲ. ಮಕ್ಕಳು ಸತ್ತ ಪ್ರಕರಣಗಳ ನಂತರ 2016ರ ಜೂನ್‌ನಲ್ಲಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಗೋಡೆಗೆ ಬಿಗಿಯದಿದ್ದರೆ ಅವು ಮುಂದಕ್ಕೆ ಬೀಳುವ ಅಪಾಯವಿತ್ತು. 2022ರ ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆಂದೇ ಕಾನೂನು ತಂದಿತು. 2023ರ ಸೆಪ್ಟೆಂಬರ್‌ನಿಂದ ಅಲ್ಲಿ ಬಟ್ಟೆ ಕಪಾಟುಗಳಿಗೆ ಸ್ಥಿರತೆಯ ಪರೀಕ್ಷೆ ಕಡ್ಡಾಯ.

ನಮ್ಮಲ್ಲಿ ಅಡ್ಡಿ ಬಾಡಿಗೆ ಮನೆ. ಗೋಡೆಗೆ ತೂತು ಹೊಡೆಯಲು ಓನರ್ ಒಪ್ಪುವುದಿಲ್ಲ, ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳುತ್ತಾರೆ ಎಂಬ ಅಂಜಿಕೆ. ಎರಡು ತೂತಿಗೆ ಪುಟ್ಟಿ ಹಾಕಿ ಬಣ್ಣ ಬಳಿಯುವ ಖರ್ಚನ್ನು ಮೊದಲೇ ಮಾತಾಡಿಕೊಳ್ಳಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದು ಮಾತಾಡಲೇಬೇಕಾದ ವಿಷಯ. ಗೋಡೆ ಇಟ್ಟಿಗೆಯದೋ ಟೊಳ್ಳು ಬ್ಲಾಕಿನದೋ ನೋಡಿ ಅದಕ್ಕೆ ತಕ್ಕ ವಾಲ್ ಪ್ಲಗ್ ಬಳಸಿ. ಭಾರದ ವಸ್ತುಗಳನ್ನು ಕೆಳಗಿನ ಖಾನೆಯಲ್ಲಿಡಿ.

ಮನೆ ಬದಲಿಸುವಾಗ ಕ್ಲಿಪ್ ಹಿಂಜ್ ನಿಮ್ಮ ನೆರವಿಗೆ ಬರುತ್ತದೆ. ಗೋಡೆಯ ಬ್ರಾಕೆಟ್ ಬಿಚ್ಚುವ ಮೊದಲೇ ಬಾಗಿಲು ತೆಗೆದುಬಿಡಿ, ಕಪಾಟು ಹಗುರಾಗುತ್ತದೆ. ತೆಗೆಯುವಾಗ ಕೆಳಗಿನ ಹಿಂಜ್ ಮೊದಲು, ಮೇಲಿನದು ಕೊನೆಗೆ. ಹಾಕುವಾಗ ಮೇಲಿನದು ಮೊದಲು. ಒಬ್ಬರು ಬಾಗಿಲನ್ನು ಹಿಡಿದಿರಲೇಬೇಕು.

ಫಾರ್ವರ್ಡ್ ಮಾಡುವ ಮುನ್ನ

ಮನೆಯ ವಸ್ತುಗಳ ಬಗ್ಗೆ ಸಲಹೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಏಕೆ ಕೆಲಸ ಮಾಡುತ್ತದೆ ಎಂದು ಅದು ಹೇಳುತ್ತದೆಯೇ? ‘ಎಣ್ಣೆ ಬಿಡಿ’, ‘ಬಿಗಿ ಮಾಡಿ’, ‘ಹೊಸದು ತನ್ನಿ’ ಎಂಬ ಮಾತುಗಳಲ್ಲಿ ಕಾರಣ ಇರುವುದಿಲ್ಲ, ಅದಕ್ಕೇ ಅವು ಎಲ್ಲ ಬಾಗಿಲಿಗೂ ಒಂದೇ ಮದ್ದು ಹೇಳುತ್ತವೆ. ಹಂಚಲೇಬೇಕು ಅನ್ನಿಸಿದರೆ ಈ ಒಂದು ಸಾಲು ಹಂಚಿ: ‘ಬಾಗಿಲು ಓರೆಯಾದರೆ ಸ್ಕ್ರೂ ತಿರುಗಿಸಿ ಸರಿಮಾಡಬಹುದು, ಕಪಾಟು ಉರುಳಿದರೆ ಸರಿಮಾಡಲು ಆಗದು, ಇವತ್ತೇ ಗೋಡೆಗೆ ಬಿಗಿಯಿರಿ.’